ಮೀನಿನ ತೊಟ್ಟಿಗೆ ಪ್ರತಿ ವಾರ ಒಂದು ಹಿಡಿ ಕಲ್ಲುಪ್ಪು: ಮುಂದುವರಿಸಬೇಕೇ, ನಿಲ್ಲಿಸಬೇಕೇ?

ಗಾಜಿನತೊಟ್ಟಿ (ರಾಯಚೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಪಡಸಾಲೆಯಲ್ಲಿ 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 38 ಸೆಂ.ಮೀ. ಎತ್ತರದ ಒಂದು ಗಾಜಿನ ತೊಟ್ಟಿ ಇದೆ. ಅಂಗಡಿಯವರು ನೂರು ಲೀಟರಿನದೆಂದು ಮಾರಿದ್ದರೂ ಮರಳು ಹಾಸಿ, ಮೇಲೆ ಐದು ಬೆರಳು ಜಾಗ ಬಿಟ್ಟ ಮೇಲೆ ಅದರಲ್ಲಿ ನಿಲ್ಲುವುದು 80 ಲೀಟರ್ ನೀರು. ಇದನ್ನು ಬಕೆಟ್ ಲೆಕ್ಕದಲ್ಲಿ ಸುರಿದು ಖಚಿತಪಡಿಸಿಕೊಂಡಿದ್ದೇನೆ. ಆರು ಮೋಲಿ, ಎರಡು ಏಂಜಲ್, ನಾಲ್ಕು ಕೋರಿಡೋರಾಸ್ ಮೀನುಗಳಿದ್ದವು, ಹಿಂಬದಿಗೆ ಒಂದು ಸಾಲು ಕಬೊಂಬಾ ಗಿಡ ನೆಟ್ಟಿದ್ದೆ.

ಸಂಕ್ರಾಂತಿಯ ಹೊತ್ತಿಗೆ ರಾತ್ರಿಯ ಚಳಿ ಹೆಚ್ಚಿದ್ದಾಗ ಏಂಜಲ್ ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ಅಂಗಡಿಯವರು ನೀಲಿ ಬಣ್ಣದ ಒಂದು ಔಷಧವನ್ನೂ ಹೀಟರನ್ನೂ ಕೊಟ್ಟು, ಜೊತೆಗೆ ಒಂದು ಹಿಡಿ ಕಲ್ಲುಪ್ಪು ಹಾಕಿರೆಂದು ಹೇಳಿದರು. ಹತ್ತು ದಿನಗಳಲ್ಲಿ ಚುಕ್ಕೆಗಳು ಮಾಯವಾದವು. ಆಮೇಲೆ ಔಷಧವನ್ನು ನಿಲ್ಲಿಸಬಹುದು, ಆದರೆ ರೋಗ ಮರುಕಳಿಸದಿರಲು ಉಪ್ಪನ್ನು ಮಾತ್ರ ಪ್ರತಿ ವಾರ ಹಾಕುತ್ತಿರಬೇಕು ಎಂದರು. ಅದರಂತೆ ಹನ್ನೆರಡು ವಾರಗಳಿಂದ ಹಾಕುತ್ತ ಬಂದಿದ್ದೇನೆ. ನನ್ನ ಒಂದು ಹಿಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ 30 ಗ್ರಾಂ ಬಂತು. ಈ ಅವಧಿಯಲ್ಲಿ ನಾಲ್ಕನೆಯ ಮತ್ತು ಎಂಟನೆಯ ವಾರದ ಕೊನೆಗೆ ಒಮ್ಮೊಮ್ಮೆ ಕಾಲುಭಾಗ ನೀರನ್ನು ಬದಲಾಯಿಸಿದ್ದೇನೆ. ಉಳಿದಂತೆ, ಆವಿಯಾಗಿ ತಗ್ಗಿದಷ್ಟು ನೀರನ್ನು, ಅಂದರೆ ದಿನಕ್ಕೆ ಸರಾಸರಿ ಒಂದೂವರೆ ಲೀಟರನ್ನು, ನಮ್ಮ ಬೋರಿನಿಂದಲೇ ತುಂಬಿಸುತ್ತಿದ್ದೇನೆ.

ಈಗ ಬಿಸಿಲು ಏರಿದೆ, ತೊಟ್ಟಿಯ ನೀರು ಮಧ್ಯಾಹ್ನ 32 ಡಿಗ್ರಿ ಮುಟ್ಟುತ್ತಿದೆ. ಕಳೆದ ಹದಿನೈದು ದಿನಗಳಲ್ಲಿ ಎರಡು ಕೋರಿಡೋರಾಸ್ ಸತ್ತವು. ಏಂಜಲ್‌ಗಳು ಈಜುರೆಕ್ಕೆ ಮಡಚಿಕೊಂಡು ಮೂಲೆ ಹಿಡಿದಿವೆ. ಕಬೊಂಬಾ ಕೊಳೆತು ಕರಗಿಹೋಯಿತು. ಮೋಲಿಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಓಡಾಡುತ್ತಿವೆ. ನೀರಿನಲ್ಲಿ ಕರಗಿದ ಲವಣವನ್ನು ತೋರಿಸುವ ಟಿಡಿಎಸ್ ಮೀಟರನ್ನು ಪರಿಚಯದವರಿಂದ ತಂದು ಅದ್ದಿ ನೋಡಿದರೆ ಬೋರಿನ ನೀರು 1,100 ಪಿಪಿಎಂ (ಲೀಟರಿಗೆ ಮಿ.ಗ್ರಾಂ) ತೋರಿಸಿತು, ತೊಟ್ಟಿಯ ನೀರು 5,400 ತೋರಿಸಿತು. ಅಂಗಡಿಯವರನ್ನು ಕೇಳಿದರೆ ಬೇಸಿಗೆಯಲ್ಲಿ ರೋಗ ಹೆಚ್ಚು, ಇನ್ನೊಂದು ಹಿಡಿ ಜಾಸ್ತಿ ಹಾಕಿ ಎನ್ನುತ್ತಾರೆ. ಉಪ್ಪು ನಿಜವಾಗಿಯೂ ಔಷಧವೇ? ಹೌದಾದರೆ ಎಷ್ಟು ಹಾಕಬೇಕು, ಎಷ್ಟು ದಿನ ಹಾಕಬೇಕು? ತಿಳಿದವರು ದಯವಿಟ್ಟು ವಿವರಿಸಬೇಕು.

ಬಸಿಗಾಲುವೆ (ಗಂಗಾವತಿ) ಉತ್ತರಿಸಿದ್ದು:

ಇನ್ನೊಂದು ಹಿಡಿಯನ್ನು ಖಂಡಿತ ಹಾಕಬೇಡಿ. ಈಗ ನಿಮ್ಮ ತೊಟ್ಟಿಯಲ್ಲಿರುವುದು ರೋಗವಲ್ಲ, ಸವಳು.

ನೀವು ತೂಗಿ, ಅಳೆದು, ಬರೆದಿಟ್ಟಿರುವುದರಿಂದ ಲೆಕ್ಕ ಹಾಕುವುದು ಸುಲಭವಾಯಿತು. ಮೊದಲ ನಾಲ್ಕು ವಾರ 120 ಗ್ರಾಂ ಉಪ್ಪು ಸೇರಿತು, ಕಾಲುಭಾಗ ನೀರು ತೆಗೆದಾಗ 90 ಗ್ರಾಂ ಉಳಿಯಿತು. ಮುಂದಿನ ನಾಲ್ಕು ವಾರಗಳಲ್ಲಿ ಅದು 210ಕ್ಕೆ ಏರಿ, ಎರಡನೆಯ ಸಲ ನೀರು ಬದಲಿಸಿದಾಗ 157ಕ್ಕೆ ಇಳಿಯಿತು. ಕೊನೆಯ ನಾಲ್ಕು ವಾರ ಸೇರಿದರೆ 277 ಗ್ರಾಂ. ಇದನ್ನು 80 ಲೀಟರಿಗೆ ಹಂಚಿದರೆ ಲೀಟರಿಗೆ ಸುಮಾರು 3.5 ಗ್ರಾಂ ಆಗುತ್ತದೆ. ಇದಕ್ಕೆ ಬೋರಿನ ನೀರಿನಲ್ಲಿ ಮೊದಲೇ ಇದ್ದ 1.1 ಗ್ರಾಂ ಕೂಡಿಸಿ. ಅಲ್ಲಿಗೂ ಮೀಟರಿನ ಅಂಕಿ ತಲುಪುವುದಿಲ್ಲ, ಏಕೆಂದರೆ ಮೂರನೆಯ ಒಂದು ದಾರಿ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ದಿನಕ್ಕೆ ಒಂದೂವರೆ ಲೀಟರಿನಂತೆ ಮೂರು ತಿಂಗಳಲ್ಲಿ 135 ಲೀಟರ್ ಬೋರಿನ ನೀರನ್ನು ತೊಟ್ಟಿಗೆ ಸುರಿದಿದ್ದೀರಿ, ಅದರಲ್ಲಿ ನೀರಷ್ಟೇ ಆವಿಯಾಗಿ ಹೋಗಿದೆ. ಅದರೊಳಗಿದ್ದ ಸುಮಾರು 150 ಗ್ರಾಂ ಲವಣ ಎಲ್ಲಿಗೂ ಹೋಗಿಲ್ಲ. ಸ್ವಲ್ಪ ಭಾಗ ಗಾಜಿನ ಅಂಚಿನಲ್ಲಿ ಬಿಳಿ ಪಟ್ಟೆಯಾಗಿ ಕುಳಿತಿರುತ್ತದೆ, ಸ್ವಲ್ಪ ಭಾಗ ನೀರು ಬದಲಿಸಿದಾಗ ಹೊರಬಿದ್ದಿರುತ್ತದೆ, ಮಿಕ್ಕಿದ್ದು ತೊಟ್ಟಿಯಲ್ಲೇ ಇದೆ. ಮೂರನ್ನೂ ಸೇರಿಸಿದರೆ ನಿಮ್ಮ 5,400ರ ಹತ್ತಿರಕ್ಕೆ ಬರುತ್ತೇವೆ. ಈ ಮೀಟರು ನಿಜವಾಗಿ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದನ್ನು ಒಂದು ಅಂದಾಜು ಗುಣಕದಿಂದ ಪಿಪಿಎಂ ಮಾಡಿ ತೋರಿಸುತ್ತದೆ. ಆದ್ದರಿಂದ ನೂರಿನ್ನೂರರ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವವರಿಗೆ ಈ ಕಥೆಯನ್ನು ಹೇಳಿಕೊಡಬೇಕಾಗಿಲ್ಲ. ಕಾಲುವೆ ನೀರು ಹಾಯಿಸುತ್ತಲೇ ಇದ್ದು, ಬಸಿದು ಹೋಗಲು ದಾರಿ ಮಾಡದೆ ಬಿಟ್ಟ ತಗ್ಗಿನ ಹೊಲದಲ್ಲಿ ನೀರು ಬಿಸಿಲಿಗೆ ಹಾರಿಹೋಗಿ ಉಪ್ಪು ಮೇಲೆ ಕೂರುತ್ತದೆ. ಸವಳು ಭೂಮಿಯ ಮೇಲೆಯೇ ಕೆಲಸ ಮಾಡುವ ಕೃಷಿ ಸಂಶೋಧನಾ ಕೇಂದ್ರವೊಂದು ನಮ್ಮ ಗಂಗಾವತಿಯಲ್ಲಿರುವುದು ಸುಮ್ಮನಲ್ಲ. ಅಲ್ಲಿಯ ಮಾತೂ ಇದೇ: ಒಳ್ಳೆಯ ನೀರು ಹಾಯಿಸಿ ತೊಳೆಯಬೇಕು, ತೊಳೆದ ನೀರನ್ನು ಬಸಿದು ಹೊರಗೆ ಹಾಕಬೇಕು. ನಿಮ್ಮ ತೊಟ್ಟಿಯೂ ಬಸಿಗಾಲುವೆಯಿಲ್ಲದ ಹೊಲವೇ. ಉಪ್ಪು ಆವಿಯಾಗುವುದಿಲ್ಲ, ಫಿಲ್ಟರಿನ ಸ್ಪಂಜಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಇದ್ದಿಲಿಗೂ ಅಂಟುವುದಿಲ್ಲ. ನೀರನ್ನು ಹೊರಗೆ ತೆಗೆದಾಗ ಮಾತ್ರ ಹೋಗುತ್ತದೆ.

ಇನ್ನು ಉಪ್ಪು ಔಷಧವೇ ಎಂಬ ಪ್ರಶ್ನೆ. ಹೌದು, ಆದರೆ ಯಾವುದಕ್ಕೆ ಎಂಬುದನ್ನು ತಿಳಿಯಬೇಕಾದರೆ ಮೀನಿನ ಮೈಯೊಳಗಿನ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಸಿಹಿನೀರಿನ ಮೀನಿನ ರಕ್ತದಲ್ಲಿರುವ ಲವಣಾಂಶ ಲೀಟರಿಗೆ ಸುಮಾರು 9 ಗ್ರಾಂ ಉಪ್ಪಿಗೆ ಸಮ. ಅದು ಈಜುವ ನೀರಿನಲ್ಲಿ ಅದರ ಹತ್ತರಲ್ಲೊಂದು ಭಾಗವೂ ಸಾಮಾನ್ಯವಾಗಿ ಇರುವುದಿಲ್ಲ. ಅಭಿಸರಣೆಯ ನಿಯಮದಂತೆ ಹೊರಗಿನ ನೀರು ಕಿವಿರು ಮತ್ತು ಚರ್ಮದ ಮೂಲಕ ಸದಾ ಒಳನುಗ್ಗುತ್ತಿರುತ್ತದೆ, ಒಳಗಿನ ಲವಣ ಹೊರಗೆ ಸೋರುತ್ತಿರುತ್ತದೆ. ಮೀನು ಹಗಲಿರುಳು ತೆಳುವಾದ ಮೂತ್ರವನ್ನು ಹೊರಹಾಕುತ್ತ, ಕಿವಿರಿನ ವಿಶೇಷ ಜೀವಕೋಶಗಳ ಮೂಲಕ ನೀರಿನಿಂದ ಲವಣವನ್ನು ಹೆಕ್ಕಿ ಒಳಗೆ ಎಳೆದುಕೊಳ್ಳುತ್ತ ಬದುಕುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಸಮುದ್ರದ ಮೀನಿಗೆ ಅಕ್ಷರಶಃ ಸಲ್ಲುತ್ತದೆ. ಸಿಹಿನೀರಿನ ಮೀನಾದರೋ ನೀರು ಕುಡಿಯುವುದೇ ಇಲ್ಲವೆನ್ನುವಷ್ಟು ಕಡಿಮೆ. ಸಾಗಣೆಯಲ್ಲಿ ಪೆಟ್ಟು ತಿಂದ, ಹುರುಪೆ ಕಿತ್ತುಹೋದ, ಗಾಯವಾದ ಮೀನಿಗೆ ಈ ದುಡಿಮೆ ಇಮ್ಮಡಿಯಾಗುತ್ತದೆ. ಅಂಥ ಹೊತ್ತಿನಲ್ಲಿ ಲೀಟರಿಗೆ 1 ಗ್ರಾಂ ಉಪ್ಪು ಹಾಕಿದರೆ ಒಳಹೊರಗಿನ ಅಂತರ ತಗ್ಗಿ ಮೀನಿಗೆ ಉಸಿರು ತಿರುಗಿಸಿಕೊಳ್ಳಲು ಅವಕಾಶ ಸಿಗುತ್ತದೆ. ಅದು ಕೆಲವು ದಿನಗಳ ಊರುಗೋಲು. ನಡೆಯಲು ಬರುವವನ ಕೈಗೆ ತಿಂಗಳುಗಟ್ಟಲೆ ಕೊಡುವಂಥದ್ದಲ್ಲ.

ಬಿಳಿ ಚುಕ್ಕೆ ರೋಗದ ವಿಷಯಕ್ಕೆ ಬಂದರೆ ನಿಮಗೆ ಒಂದು ತಮಾಷೆ ಕಾಣಿಸುತ್ತದೆ. ಆ ರೋಗವನ್ನು ತರುವ ಇಕ್ತಿಯೊಫ್ತಿರಿಯಸ್ ಎಂಬ ಏಕಕೋಶ ಜೀವಿ ಮೀನಿನ ಚರ್ಮದೊಳಗೆ ಹುದುಗಿರುವಾಗ ಅದಕ್ಕೆ ಯಾವ ಉಪ್ಪೂ ತಟ್ಟುವುದಿಲ್ಲ. ಅದು ಬಲಿತು ಚರ್ಮ ಬಿಟ್ಟು ತಳಕ್ಕೆ ಬಿದ್ದು, ಗೂಡು ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಒಂದೆರಡು ದಿನಗಳೊಳಗೆ ಬೇರೊಂದು ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಉಪ್ಪು ಹೊಡೆಯುವುದು ನೀರಿನಲ್ಲಿ ಅಲೆಯುವ ಈ ಮರಿಗಳನ್ನು ಮಾತ್ರ, ಅದಕ್ಕೆ ಲೀಟರಿಗೆ 2ರಿಂದ 3 ಗ್ರಾಂ ಬೇಕು. ನೀವು ಸಂಕ್ರಾಂತಿಯಲ್ಲಿ ಹಾಕಿದ ಒಂದು ಹಿಡಿ 80 ಲೀಟರಿನಲ್ಲಿ ಲೀಟರಿಗೆ 0.4 ಗ್ರಾಂ ಕೂಡ ಆಗಲಿಲ್ಲ. ಅಂದರೆ ರೋಗವನ್ನು ಓಡಿಸಿದ್ದು ನೀಲಿ ಔಷಧ ಮತ್ತು ಹೀಟರ್, ಹೆಸರು ಬಂದದ್ದು ಉಪ್ಪಿಗೆ. ಬೇಕಾಗಿದ್ದಾಗ ಸಾಲದಷ್ಟು ಹಾಕಿದಿರಿ, ಬೇಡವಾದ ಮೇಲೆ ಮದ್ದಿನ ಪ್ರಮಾಣವನ್ನೂ ಮೀರಿಸಿದಿರಿ. ನೀರು 30 ಡಿಗ್ರಿ ದಾಟಿದರೆ ಈ ಜೀವಿಯ ವೃದ್ಧಿಯೇ ಕುಂದುತ್ತದೆ. ನಮ್ಮ ಕಡೆ ಇದು ಚಳಿಗಾಲದ ಉಪದ್ರವ. ಬೇಸಿಗೆಯಲ್ಲಿ ಅದರ ಹೆಸರು ಹೇಳಿ ಉಪ್ಪು ಸುರಿಯುವುದಕ್ಕೆ ಅರ್ಥವಿಲ್ಲ.

ಈಗ ಮಾಡಬೇಕಾದದ್ದು. ಒಂದೇ ದಿನ ಅರ್ಧ ತೊಟ್ಟಿ ಖಾಲಿ ಮಾಡಿ ಹೊಸ ನೀರು ತುಂಬಿಸಬೇಡಿ. ಮೂರು ತಿಂಗಳಲ್ಲಿ ಹಂತಹಂತವಾಗಿ ಉಪ್ಪಿಗೆ ಹೊಂದಿಕೊಂಡ ಕಿವಿರು ಮತ್ತು ಮೂತ್ರಪಿಂಡಗಳಿಗೆ ಹಿಂದಿರುಗಲೂ ಕಾಲ ಬೇಕು. ದಿನ ಬಿಟ್ಟು ದಿನ 12 ಲೀಟರ್ ತೆಗೆದು, ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದು ತಂದ ಆರ್‌ಒ ನೀರು 6 ಲೀಟರ್, ಬೋರಿನದು 6 ಲೀಟರ್ ಬೆರೆಸಿ, ತೊಟ್ಟಿಯ ಉಷ್ಣಾಂಶಕ್ಕೆ ಬಂದ ಮೇಲೆ ನಿಧಾನವಾಗಿ ಸುರಿಯಿರಿ. ಪ್ರತಿ ಸಲ ಶೇಕಡ 15ರಂತೆ ಲೆಕ್ಕ ಹಾಕಿದರೆ ಹನ್ನೆರಡು ಬದಲಾವಣೆಗಳಲ್ಲಿ, ಅಂದರೆ ಇಪ್ಪತ್ತನಾಲ್ಕು ದಿನಗಳಲ್ಲಿ, ಮೀಟರು 1,300ರ ಆಸುಪಾಸಿಗೆ ಇಳಿಯಬೇಕು. ಬರೀ ಆರ್‌ಒ ನೀರು ಹಾಕಿದರೆ ಇನ್ನೂ ಬೇಗ ಇಳಿಯುತ್ತದೆ, ಆದರೆ ಪಿಎಚ್ ಹಿಡಿದಿಡುವ ಕಾರ್ಬೊನೇಟುಗಳೂ ಮೋಲಿಗಳಿಗೆ ಬೇಕಾದ ಸುಣ್ಣದಂಶವೂ ಅದರೊಂದಿಗೆ ಇಳಿಯುತ್ತವೆ. ಆವಿಯಾದಷ್ಟನ್ನು ತುಂಬಿಸಲು ಮಾತ್ರ ಇನ್ನು ಮುಂದೆ ಆರ್‌ಒ ನೀರನ್ನೇ ಬಳಸಿ. ನಿಮ್ಮ ತೊಂದರೆಯ ಒಂದು ಪಾಲು ಅಲ್ಲಿಂದಲೇ ಬಂದದ್ದು.

ಕೊನೆಯದಾಗಿ, 32 ಡಿಗ್ರಿಯ ನೀರು ಹಿಡಿದಿಡಬಲ್ಲ ಆಮ್ಲಜನಕ ಕಡಿಮೆ, ಉಪ್ಪು ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಕರೆಂಟ್ ಹೋದಾಗ ನಡೆಯುವ ಬ್ಯಾಟರಿಯ ಗಾಳಿಪಂಪ್ ಒಂದನ್ನು ಇಟ್ಟುಕೊಳ್ಳಿ.

ಹಳೇಕೈ (ಬಳ್ಳಾರಿ) ಬರೆದದ್ದು:

ಮೇಲಿನವರ ಲೆಕ್ಕದಲ್ಲಿ ತಪ್ಪು ಹುಡುಕಲಾರೆ, ಆದರೆ ಉಪ್ಪಿನ ಮೇಲೆ ಇಷ್ಟು ಕೋಪ ಬೇಕಿಲ್ಲ ಎಂದು ನನ್ನ ಅಭಿಪ್ರಾಯ. ನಾನು ಬಳ್ಳಾರಿಯಲ್ಲಿ ಇಪ್ಪತ್ತು ವರ್ಷಗಳಿಂದ ಗೋಲ್ಡ್‌ಫಿಶ್ ಸಾಕುತ್ತಿದ್ದೇನೆ. ಪ್ರತಿ ಸಲ ನೀರು ಬದಲಿಸುವಾಗ, ಹೊಸದಾಗಿ ಹಾಕುವ ನೀರಿಗೆ ಮಾತ್ರ ಲೀಟರಿಗೆ 1 ಗ್ರಾಂನಂತೆ ಉಪ್ಪು ಹಾಕುತ್ತೇನೆ. ನನ್ನ ಮೀನುಗಳು ಚೆನ್ನಾಗಿಯೇ ಇವೆ, ಒಂದಕ್ಕೆ ಈಗ ಒಂಬತ್ತು ವರ್ಷ. ಹೊಸ ತೊಟ್ಟಿ ಹೂಡಿದ ಮೊದಲ ತಿಂಗಳಿನಲ್ಲಿ ಮೀನುಗಳು ಬಾಯಿ ಮೇಲೆತ್ತಿ ಉಸಿರಿಗೆ ಪರದಾಡುವಾಗ ಉಪ್ಪು ಹಾಕಿದ ಒಂದೆರಡು ಗಂಟೆಗಳಲ್ಲಿ ಅವು ಸುಧಾರಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಹಿರಿಯರು ಏನೂ ತಿಳಿಯದೆ ಹೇಳಿದ್ದಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳುತ್ತೇನೆ. ಕಲ್ಲುಪ್ಪನ್ನೇ ಬಳಸಿ, ಪೊಟ್ಟಣದ ಪುಡಿ ಉಪ್ಪಿನಲ್ಲಿ ಅಯೋಡಿನ್ ಇರುವುದರಿಂದ ಅದು ಮೀನಿಗೆ ವಿಷ.

ಬಸಿಗಾಲುವೆ (ಗಂಗಾವತಿ) ಉತ್ತರಿಸಿದ್ದು:

ಹಳೇಕೈ ಅವರ ಪದ್ಧತಿಗೂ ರಾಯಚೂರಿನವರ ಪದ್ಧತಿಗೂ ಇರುವ ವ್ಯತ್ಯಾಸ ಅವರ ಮಾತಿನಲ್ಲೇ ಇದೆ. ಅವರು ಹೊರಗೆ ತೆಗೆದಷ್ಟು ನೀರಿನ ಉಪ್ಪನ್ನಷ್ಟೇ ಮರಳಿ ಹಾಕುತ್ತಿದ್ದಾರೆ, ಆದ್ದರಿಂದ ಪ್ರಮಾಣ 1 ಗ್ರಾಂನ ಹತ್ತಿರವೇ ನಿಲ್ಲುತ್ತದೆ. ಗೋಲ್ಡ್‌ಫಿಶ್ ಅದನ್ನು ಆರಾಮವಾಗಿ ತಾಳುತ್ತದೆ. ವಾರಕ್ಕೊಂದು ಹಿಡಿ ಎಂಬ ಅಳತೆಗೆ ಇಂಥ ಎಲ್ಲೆಯೇ ಇಲ್ಲ. ಜೊತೆಗೆ ಬಳ್ಳಾರಿಯ ನಲ್ಲಿಗೆ ಬರುವುದು ತುಂಗಭದ್ರೆಯ ಕಾಲುವೆಯ ನೀರು. ನನ್ನ ಮೀಟರಿಗೆ ಅದು 200ರ ಸುತ್ತ ತೋರಿಸಿತ್ತು. ಬೋರಿನ ನೀರಿನ ತೊಟ್ಟಿಯನ್ನೂ ಕಾಲುವೆ ನೀರಿನ ತೊಟ್ಟಿಯನ್ನೂ ಒಂದೇ ಚಮಚದಲ್ಲಿ ಅಳೆಯಲಾಗದು.

ಹೊಸ ತೊಟ್ಟಿಯಲ್ಲಿ ಮೀನುಗಳು ಸುಧಾರಿಸಿದ್ದನ್ನು ಅವರು ಸರಿಯಾಗಿಯೇ ನೋಡಿದ್ದಾರೆ, ಮತ್ತು ಅದು ಉಪ್ಪಿನ ಅತ್ಯಂತ ಖಚಿತವಾದ ಉಪಯೋಗ. ಹೊಸ ತೊಟ್ಟಿಯಲ್ಲಿ ಮೀನಿನ ಹೊಲಸಿನಿಂದ ಅಮೋನಿಯ ಹುಟ್ಟುತ್ತದೆ; ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾಗಳು ಮೊದಲು ನೆಲೆಯೂರುತ್ತವೆ, ನೈಟ್ರೈಟನ್ನು ನೈಟ್ರೇಟ್ ಮಾಡುವವು ಕೆಲವು ವಾರ ತಡವಾಗಿ ಬರುತ್ತವೆ. ನಡುವಿನ ಅವಧಿಯಲ್ಲಿ ನೈಟ್ರೈಟ್ ಏರುತ್ತದೆ. ಕಿವಿರಿನ ಜೀವಕೋಶಗಳು ಕ್ಲೋರೈಡನ್ನು ಎಳೆದುಕೊಳ್ಳುವ ಬಾಗಿಲಿನಿಂದಲೇ ನೈಟ್ರೈಟ್ ಕೂಡ ಒಳನುಸುಳಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ. ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ, ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನು ಏದುಸಿರು ಬಿಡುತ್ತದೆ. ನೀರಿನಲ್ಲಿ ಕ್ಲೋರೈಡ್ ಹೇರಳವಾಗಿದ್ದರೆ ಬಾಗಿಲಿನಲ್ಲಿ ಅದೇ ನೂಕುನುಗ್ಗಲು ಮಾಡಿ ನೈಟ್ರೈಟನ್ನು ಹೊರಗೆ ತಡೆಯುತ್ತದೆ.

ಆದರೆ ಅದಕ್ಕೆ ಬೇಕಾಗುವ ಪ್ರಮಾಣವನ್ನು ನೋಡಿ. ಮೀನು ಸಾಕಣೆಯವರ ರೂಢಿಯಲ್ಲಿ ನೈಟ್ರೈಟಿನ ಕನಿಷ್ಠ ಹತ್ತು ಪಟ್ಟು ಕ್ಲೋರೈಡ್ ಇರಬೇಕು. ಲೀಟರಿಗೆ 5 ಮಿ.ಗ್ರಾಂ ನೈಟ್ರೈಟ್ ಕಂಡರೆ 50 ಮಿ.ಗ್ರಾಂ ಕ್ಲೋರೈಡ್ ಸಾಕು. ಉಪ್ಪಿನ ತೂಕದಲ್ಲಿ ಶೇಕಡ 60ರಷ್ಟು ಕ್ಲೋರೈಡ್ ಇರುವುದರಿಂದ 80 ಲೀಟರಿಗೆ ಬೇಕಾದ ಉಪ್ಪು ಸುಮಾರು 7 ಗ್ರಾಂ, ಅಂದರೆ ಒಂದು ಟೀ ಚಮಚದ ಮೇಲೆ ಚಿಟಿಕೆ. ಧೈರ್ಯಕ್ಕೆ ಇಮ್ಮಡಿ ಹಾಕಿದರೂ ಅರ್ಧ ಹಿಡಿ ದಾಟುವುದಿಲ್ಲ. ಸವಳು ಬೋರಿನ ನೀರಿನಲ್ಲಿ ಇಷ್ಟು ಕ್ಲೋರೈಡ್ ಮೊದಲೇ ಇರುವ ಸಂಭವ ಹೆಚ್ಚು, ಅಲ್ಲಿ ಇದಕ್ಕಾಗಿ ಉಪ್ಪು ಹಾಕುವ ಅಗತ್ಯವೇ ಬೀಳದಿರಬಹುದು. ನೆನಪಿಡಿ, ಉಪ್ಪು ನೈಟ್ರೈಟನ್ನು ನೀರಿನಿಂದ ತೆಗೆಯುವುದಿಲ್ಲ, ಅಮೋನಿಯದ ವಿಷಕ್ಕಂತೂ ಅದು ಮದ್ದೇ ಅಲ್ಲ. ಫಿಲ್ಟರಿನಲ್ಲಿ ಅಮೋನಿಯ ಹೀರುವ ಜಿಯೋಲೈಟ್ ಹರಳುಗಳನ್ನು ಇಟ್ಟಿದ್ದರೆ ಉಪ್ಪು ಹಾಕುವ ಮೊದಲು ಅವನ್ನು ಹೊರಗೆ ತೆಗೆಯಬೇಕು. ಸೋಡಿಯಂ ಅಲ್ಲಿಗೆ ಸೇರಿಕೊಂಡು, ಅವು ಹಿಡಿದಿಟ್ಟಿದ್ದ ಅಮೋನಿಯವನ್ನು ಮರಳಿ ನೀರಿಗೆ ಬಿಡಿಸುತ್ತದೆ.

ಅಯೋಡಿನ್ ಭಯಕ್ಕೆ ಆಧಾರವಿಲ್ಲ. ಅಂಗಡಿಯ ಅಯೋಡಿನ್‌ಯುಕ್ತ ಉಪ್ಪಿನಲ್ಲಿ ಅದು 15ರಿಂದ 30 ಪಿಪಿಎಂ ಮಾತ್ರ ಇರುತ್ತದೆ. ಲೀಟರಿಗೆ 3 ಗ್ರಾಂ ಉಪ್ಪು ಕರಗಿಸಿದರೂ ನೀರಿಗೆ ಸೇರುವ ಅಯೋಡಿನ್ ಲೀಟರಿಗೆ 0.1 ಮಿ.ಗ್ರಾಂ ಮೀರುವುದಿಲ್ಲ. ಗಂಟು ಕಟ್ಟದಂತೆ ಬೆರೆಸುವ ವಸ್ತುವೂ ಅಷ್ಟೇ ಅತ್ಯಲ್ಪ. ಕಲ್ಲುಪ್ಪು, ಪುಡಿ ಉಪ್ಪು, ಸೈಂಧವ ಎಲ್ಲವೂ ಮೂಲತಃ ಸೋಡಿಯಂ ಕ್ಲೋರೈಡ್. ಸಂತೆಯಲ್ಲಿ ಮೂಟೆಯಿಂದ ಬಿಡಿಯಾಗಿ ಅಳೆದು ಕೊಡುವ ಕಲ್ಲುಪ್ಪಿನಲ್ಲಿರುವ ಮಣ್ಣಿನ ಬಗ್ಗೆ ನನಗೆ ಹೆಚ್ಚು ಅನುಮಾನ. ಕರಗಿಸಿ, ಬಟ್ಟೆಯಲ್ಲಿ ಸೋಸಿ ಹಾಕಿದರೆ ಅದೂ ಆದೀತು. ಎಪ್ಸಮ್ ಉಪ್ಪು ಎಂದು ಮಾರುವುದು ಮಾತ್ರ ಬೇರೆಯೇ ಪದಾರ್ಥ, ಅದು ಮೆಗ್ನೀಸಿಯಂ ಸಲ್ಫೇಟ್.

ಮರಿಕೊಳ (ಮುನಿರಾಬಾದ್) ಬರೆದದ್ದು:

ಮೀನುಮರಿ ಸಾಕುವ ಕೊಳಗಳಲ್ಲಿ ಬಹಳ ವರ್ಷ ದುಡಿದವನು ನಾನು. ಕಾಟ್ಲಾ, ರೋಹು, ಮೃಗಾಲ ಮರಿಗಳನ್ನು ಕೊಳಕ್ಕೆ ಬಿಡುವ ಮುನ್ನ ಉಪ್ಪುನೀರಿನಲ್ಲಿ ಅದ್ದಿ ತೆಗೆಯುವುದು ನಮ್ಮ ನಿತ್ಯದ ಕೆಲಸವಾಗಿತ್ತು. ಲೀಟರಿಗೆ 20ರಿಂದ 30 ಗ್ರಾಂ ಉಪ್ಪು ಕರಗಿಸಿ, ಬಲೆಯಲ್ಲಿ ಮರಿಗಳನ್ನು ಹಿಡಿದು ಒಂದೆರಡು ನಿಮಿಷ ಅದ್ದುತ್ತೇವೆ. ಒಂದು ಮರಿ ಮಗ್ಗುಲಾದರೂ ತಕ್ಷಣ ಎತ್ತುತ್ತೇವೆ. ಚರ್ಮ ಮತ್ತು ಕಿವಿರಿಗೆ ಅಂಟಿದ ಸಣ್ಣ ಪರಾವಲಂಬಿ ಜೀವಿಗಳು ಈ ಏಟಿಗೆ ಉದುರುತ್ತವೆ, ಮೀನು ಹೊಸ ಲೋಳೆ ಬಿಡುತ್ತದೆ. ಇಲ್ಲಿ ಕೆಲಸ ಮಾಡುವುದು ಹೊತ್ತು. ಇದೇ ನೀರಿನಲ್ಲಿ ಆ ಮರಿಗಳನ್ನು ಬಿಟ್ಟುಬಿಟ್ಟರೆ ಒಂದೂ ಉಳಿಯುವುದಿಲ್ಲ. ಹೀಗಾಗಿ ಉಪ್ಪು ಎಷ್ಟು ಎಂದು ಕೇಳುವವರು ಎಷ್ಟು ಹೊತ್ತು ಎಂಬುದನ್ನೂ ಜೊತೆಯಲ್ಲೇ ಕೇಳಬೇಕು.

ನನ್ನಿಂದಾದ ಒಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಾಗಣೆಯಿಂದ ಬಂದ ಮರಿಗಳಿದ್ದ ಸಿಮೆಂಟ್ ತೊಟ್ಟಿಗೆ ಹರಳುಪ್ಪನ್ನು ಕರಗಿಸದೆ ನೇರವಾಗಿ ಎರಚಿಬಿಟ್ಟೆ. ಲೆಕ್ಕದ ಪ್ರಕಾರ ಪ್ರಮಾಣ ಸರಿಯಾಗಿಯೇ ಇತ್ತು. ಆದರೆ ಹರಳುಗಳು ತಳದಲ್ಲಿ ಕುಳಿತು, ಅವುಗಳ ಸುತ್ತಲಿನ ನೀರು ಕಡು ಉಪ್ಪಾಯಿತು. ತಳದಲ್ಲಿ ಮೇಯುವ ಮೃಗಾಲ ಮರಿಗಳ ಹೊಟ್ಟೆ ಕೆಂಪಾಗಿ ಬೆಳಗಾಗುವಷ್ಟರಲ್ಲಿ ಬಹಳಷ್ಟು ಸತ್ತಿದ್ದವು. ಮೇಲ್ಪದರದಲ್ಲಿ ತಿನ್ನುವ ಕಾಟ್ಲಾಗಳಿಗೆ ಏನೂ ಆಗಿರಲಿಲ್ಲ. ರಾಯಚೂರಿನವರೇ, ನಿಮ್ಮ ಕೋರಿಡೋರಾಸ್ ಕೂಡ ತಳದ ಮರಳನ್ನು ಮೂತಿಯಿಂದ ಕೆದಕುವ ಮೀನು. ಹಿಡಿಯಿಂದ ಸುರಿದ ಹರಳು ಮೊದಲು ಸಿಗುವುದು ಅದಕ್ಕೇ. ಅದು ದಕ್ಷಿಣ ಅಮೆರಿಕದ ಸಿಹಿನೀರಿನ ಹೊಳೆಗಳದ್ದು, ಮೈಮೇಲೆ ಹುರುಪೆಯ ಬದಲು ಎಲುಬಿನ ಫಲಕಗಳಿರುವ ಜಾತಿ, ಹೊಟ್ಟೆಯ ಭಾಗ ಮೆತ್ತಗೆ. ಮೋಲಿ ಇದಕ್ಕೆ ವಿರುದ್ಧ: ಅಮೆರಿಕ ಖಂಡದ ಕರಾವಳಿಯ ಅಳಿವೆಗಳಲ್ಲೂ ಬದುಕುವ ಕುಲ, ಕ್ರಮವಾಗಿ ಒಗ್ಗಿಸಿದರೆ ಕಡಲ ನೀರಿನಲ್ಲೂ ಬಾಳುತ್ತದೆ. ಇವೆರಡನ್ನೂ ಒಂದೇ ತೊಟ್ಟಿಯಲ್ಲಿಟ್ಟು ಇಬ್ಬರಿಗೂ ಒಪ್ಪುವ ಉಪ್ಪಿನ ಅಳತೆಯನ್ನು ಹುಡುಕುವುದು ವ್ಯರ್ಥ. ಮೋಲಿಗೆ ಬೇಕಾದದ್ದೂ ಮುಖ್ಯವಾಗಿ ನೀರಿನ ಗಡಸುತನ, ಅಡುಗೆ ಉಪ್ಪು ಅದನ್ನು ಕೊಡುವುದಿಲ್ಲ. ನಿಮ್ಮ ಬೋರಿನಲ್ಲಿ ಅದು ಧಾರಾಳವಾಗಿಯೇ ಇರುತ್ತದೆ.

ಮುಂದಿನ ಚಳಿಗಾಲದಲ್ಲಿ ಚುಕ್ಕೆ ಮತ್ತೆ ಬಂದರೆ ಹೀಗೆ ಮಾಡಿ. ರೋಗದ ಮರಿಗಳು ತೊಟ್ಟಿಯ ಮರಳಿನಲ್ಲೇ ಹುಟ್ಟುವುದರಿಂದ ಮೀನೊಂದನ್ನೇ ಬೇರೆ ಮಾಡಿ ಪ್ರಯೋಜನವಿಲ್ಲ. ಎಲ್ಲ ಮೀನುಗಳನ್ನೂ ಗಿಡ, ಮರಳು ಯಾವುದೂ ಇಲ್ಲದ ಒಂದು ದೊಡ್ಡ ಟಬ್ಬಿಗೆ ಹಾಕಿ, ಗಾಳಿಪಂಪ್ ಮತ್ತು ಹೀಟರ್ ಇಟ್ಟು 29–30 ಡಿಗ್ರಿಗೆ ತನ್ನಿ. ಬಟ್ಟಲಿನಲ್ಲಿ ಪೂರ್ತಿ ಕರಗಿಸಿದ ಉಪ್ಪನ್ನು ದಿನಕ್ಕೆ ಲೀಟರಿಗೆ 1 ಗ್ರಾಂನಂತೆ ಹಾಕಿ 2 ಗ್ರಾಂಗೆ ಮುಟ್ಟಿಸಿ, ಕೋರಿಡೋರಾಸ್ ಇಲ್ಲದಿದ್ದರೆ 3 ಗ್ರಾಂಗೆ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಹಾಗೆಯೇ ಇಡಿ. ಇಷ್ಟು ದಿನ ಮೀನಿಲ್ಲದ ದೊಡ್ಡ ತೊಟ್ಟಿಯನ್ನೂ 29 ಡಿಗ್ರಿಯಲ್ಲಿ ಇಟ್ಟರೆ ಅಲ್ಲಿಯ ಮರಿಗಳು ಆಶ್ರಯ ಸಿಗದೆ ಸಾಯುತ್ತವೆ, ನಿಮ್ಮ ಗಿಡಗಳಿಗೂ ಉಪ್ಪು ತಾಗುವುದಿಲ್ಲ. ಟಬ್ಬಿನಲ್ಲಿ ಫಿಲ್ಟರ್ ಇಲ್ಲದಿರುವುದರಿಂದ ದಿನಾಲೂ ಕಾಲುಭಾಗ ನೀರು ಬದಲಿಸಬೇಕು, ಹೊಸ ನೀರಿಗೆ ಅದೇ ಪ್ರಮಾಣದ ಉಪ್ಪನ್ನು ಬೆರೆಸಿಯೇ ಹಾಕಬೇಕು. ಹೊಸ ಮೀನು ತಂದಾಗಲೂ ಎರಡು ವಾರ ಇದೇ ಟಬ್ಬಿನಲ್ಲಿಟ್ಟು ನೋಡುವುದು ಒಳ್ಳೆಯದು. ಚುಕ್ಕೆ ಸಾಮಾನ್ಯವಾಗಿ ಮನೆಗೆ ಬರುವುದು ಹೊಸ ಮೀನಿನ ಜೊತೆಗೇ.

ಆಳವಾದ ಹುಣ್ಣು, ಹೊಟ್ಟೆ ಊದಿ ಹುರುಪೆ ನಿಗುರುವುದು, ಒಳಗಿನ ಹುಳು, ಇವಕ್ಕೆ ಉಪ್ಪನ್ನು ನಂಬಿ ದಿನ ಕಳೆಯಬೇಡಿ.

ಗಾಜಿನತೊಟ್ಟಿ (ರಾಯಚೂರು) ಇಪ್ಪತ್ತಾರು ದಿನಗಳ ನಂತರ ಬರೆದದ್ದು:

ಮೂವರಿಗೂ ಕೃತಜ್ಞತೆಗಳು. ಹೇಳಿದಂತೆ ದಿನ ಬಿಟ್ಟು ದಿನ 12 ಲೀಟರ್ ಬದಲಿಸಿದೆ. ನಡುವೆ ಒಂದು ಸಲ ಊರಿಗೆ ಹೋಗಿದ್ದರಿಂದ ಎರಡು ದಿನ ತಪ್ಪಿತು. ಮೀಟರು ಮೊದಲ ವಾರದ ಕೊನೆಗೆ 3,500ಕ್ಕೆ ಇಳಿದಿತ್ತು, ಇಂದು ಬೆಳಿಗ್ಗೆ 1,420 ತೋರಿಸಿತು. ಲೆಕ್ಕಕ್ಕಿಂತ ನೂರು ಹೆಚ್ಚಿಗೆ ಉಳಿದಿರುವುದಕ್ಕೆ ಗಾಜಿನ ಅಂಚಿನ ಬಿಳಿ ಪಟ್ಟೆಯನ್ನು ಕೆರೆದು ನೀರಿಗೇ ಬೀಳಿಸಿದ್ದು ಕಾರಣವಿರಬಹುದೆಂದು ಊಹಿಸುತ್ತೇನೆ.

ಮೂರನೆಯ ಕೋರಿಡೋರಾಸ್ ಮೊದಲ ವಾರದಲ್ಲೇ ಸತ್ತಿತು. ಉಳಿದ ಒಂದು ಈಗ ಮರಳು ಕೆದಕುತ್ತಿದೆ. ಏಂಜಲ್‌ಗಳು ಹತ್ತನೆಯ ದಿನದ ಹೊತ್ತಿಗೆ ಈಜುರೆಕ್ಕೆ ಬಿಡಿಸಿ ಮುಂದಕ್ಕೆ ಬಂದವು, ಈಗ ಆಹಾರ ಹಾಕುವವರ ಕೈಯನ್ನು ಗುರುತಿಸುತ್ತವೆ. ಮೋಲಿಗಳು ಈ ನಡುವೆ ಮರಿ ಹಾಕಿವೆ. ಮಧ್ಯಾಹ್ನದ ಹೊತ್ತು ತೊಟ್ಟಿಯ ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಟ್ಟಿದ್ದರಿಂದ ಉಷ್ಣಾಂಶ 29–30 ಡಿಗ್ರಿಗೆ ಇಳಿದಿದೆ, ಆದರೆ ಆವಿಯಾಗುವ ನೀರು ದಿನಕ್ಕೆ ಎರಡೂವರೆ ಲೀಟರಿಗೆ ಏರಿದೆ. ಅಷ್ಟನ್ನೂ ಆರ್‌ಒ ನೀರಿನಿಂದಲೇ ತುಂಬಿಸುತ್ತಿದ್ದೇನೆ.

ಒಂದೇ ಒಂದು ಸಂದೇಹ ಉಳಿದಿದೆ. ಉಪ್ಪು ಇಳಿದಿರುವುದರಿಂದ ಈಗ ಕಬೊಂಬಾವನ್ನು ಮತ್ತೆ ನೆಡಬಹುದೇ?

ಬಸಿಗಾಲುವೆ (ಗಂಗಾವತಿ) ಉತ್ತರಿಸಿದ್ದು:

ಬೇಡ. ಕಬೊಂಬಾ ಮೆತ್ತನೆಯ ನೀರಿನ ಗಿಡ. ನೀವು ಒಂದು ಹರಳು ಉಪ್ಪು ಹಾಕದಿದ್ದರೂ ಆ ಬೋರಿನ ನೀರಿನಲ್ಲಿ ಅದು ಸೊರಗುತ್ತಿತ್ತು. ಗಡಸು ನೀರಿಗೆ ವ್ಯಾಲಿಸ್‌ನೇರಿಯಾ ಒಗ್ಗುತ್ತದೆ. ನಾಲ್ಕು ಬುಡ ತಂದು ಹಿಂಬದಿಗೆ ನೆಡಿ, ಬಳ್ಳಿ ಹರಿದು ತಾನೇ ಸಾಲು ಹಿಡಿಯುತ್ತದೆ. ಉಳಿದಿರುವ ಒಂಟಿ ಕೋರಿಡೋರಾಸ್‌ಗೆ ಜೊತೆ ಬೇಕು, ಅದು ಗುಂಪಿನ ಮೀನು. ಆದರೆ ಮಳೆ ಬಿದ್ದು ನೀರು ತಂಪಾಗುವವರೆಗೆ ಹೊಸದನ್ನು ತರಬೇಡಿ, ತಂದ ಮೇಲೆ ಎರಡು ವಾರ ಟಬ್ಬಿನಲ್ಲಿಡಿ.